ಅಳಿಸುವ ಅವಸರ

ಹಚ್ಚೆ ತೆಗೆಸಿದರೆ ಕಲೆ ಉಳಿಯುತ್ತಾ ಎಂದು ಕೇಳುವ ಹುಡುಗನಿಗೆ ನಮ್ಮ ಕಡೆ ಎರಡು ಬಗೆಯ ಉತ್ತರ ಸಿಗುತ್ತದೆ. ‘ಏನೂ ಆಗಲ್ಲ, ಮೂರ್ನಾಲ್ಕು ಸಿಟ್ಟಿಂಗ್ ಸಾಕು’ ಎಂಬುದು ಲೇಸರ್ ಮೆಷಿನ್ ಇಟ್ಟುಕೊಂಡವರ ಮಾತು. ‘ಸುಮ್ನಿರು, ಚರ್ಮ ಸುಟ್ಟು ಹೋಗುತ್ತೆ’ ಎಂಬುದು ಮನೆಯವರ ಮಾತು. ಎರಡೂ ಪೂರ್ತಿ ನಿಜವಲ್ಲ. ಸರಿಯಾದ ಲೇಸರನ್ನು ಬಲ್ಲವರು ಬಳಸಿ, ಗಾಯ ಮಾಯಲು ಬೇಕಾದಷ್ಟು ಸಮಯ ಕೊಟ್ಟರೆ ಶಾಶ್ವತ ಕಲೆ ಉಳಿಯುವುದು ಅಪರೂಪ. ಬಹುಮಟ್ಟಿಗೆ ಕಲೆ ಉಳಿಸುವುದು ಅವಸರ. ಆ ಅವಸರವನ್ನು ಹುಡುಗನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ ಎಂಬುದು ನನ್ನ ವಾದ.

ಈ ಪ್ರಶ್ನೆ ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ ಏಕೆ ಮುಖ್ಯವಾಗುತ್ತದೆ ಎಂದು ಹೇಳಬೇಕು. 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯ ಇಲ್ಲಿಯ ಜ್ಞಾನಸಹ್ಯಾದ್ರಿಯಲ್ಲಿದೆ. ಸುತ್ತಲಿನ ಹಳ್ಳಿಗಳಿಂದ, ಭದ್ರಾವತಿಯಿಂದ ದಿನವೂ ಬಸ್ಸು ಹತ್ತಿ ಬರುವ ಮಕ್ಕಳು ಇಲ್ಲಿ ಓದುತ್ತಾರೆ. ಅವರ ಅಜ್ಜಂದಿರ ಕಾಲಕ್ಕೆ ಭದ್ರಾವತಿಯಲ್ಲಿ ಕೆಲಸವಿತ್ತು. 1923ರಿಂದ ಉರಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ಮನೆಮನೆಗೂ ಸಂಬಳ ತಂದವು. ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಯಾದ ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದು, ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಈಗ ಇಲ್ಲಿನ ಎಷ್ಟೋ ಮನೆಗಳ ಆಸೆ ಖಾಕಿ ಬಟ್ಟೆಯ ಮೇಲೆ ನಿಂತಿದೆ. ಕ್ಷಿಪ್ರ ಕಾರ್ಯಪಡೆಯ 97ನೇ ಬೆಟಾಲಿಯನ್ನಿಗೆ ಭದ್ರಾವತಿಯಲ್ಲೇ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆದ ಮೇಲೆ ಆ ಆಸೆಗೆ ಊರಿನದೇ ವಿಳಾಸ ಸಿಕ್ಕಂತಾಯಿತು. ನಸುಕಿನಲ್ಲಿ ಓಡುವ ಹುಡುಗರು ಹೆಚ್ಚಿದರು. ಅವರಲ್ಲಿ ಹಲವರ ಮುಂಗೈ ಮೇಲೆ ಅಮ್ಮನ ಹೆಸರೋ ತ್ರಿಶೂಲವೋ ಇದೆ.

ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನಿಯಮ ಬಿಗಿಯಾಗಿದೆ. ಧಾರ್ಮಿಕ ಗುರುತು, ಹೆಸರು ಇರಬಹುದು. ಆದರೆ ಮುಂಗೈಯ ಒಳಬದಿಯಾದರೆ ಅದು ಎಡಗೈಯೇ ಆಗಿರಬೇಕು, ಏಕೆಂದರೆ ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಗಾತ್ರ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಓಟ, ಎತ್ತರ, ಲಿಖಿತ ಪರೀಕ್ಷೆ ಎಲ್ಲ ಗೆದ್ದವನು ವೈದ್ಯಕೀಯ ಪರೀಕ್ಷೆಯಲ್ಲಿ ಅಂಗಿ ಬಿಚ್ಚಿ ನಿಂತಾಗ ಈ ಅಳತೆ ಮುಂದೆ ಬರುತ್ತದೆ. ಅಲ್ಲಿಂದ ಶುರುವಾಗುವುದೇ ಹಚ್ಚೆ ತೆಗೆಸುವ ಓಡಾಟ.

ಲೇಸರು ಮಾಡುವ ಕೆಲಸವನ್ನು ಅರಿತರೆ ಅವಸರ ಏಕೆ ಅಪಾಯವೆಂದು ತಿಳಿಯುತ್ತದೆ. ಬಣ್ಣದ ಕಣಗಳು ಮೇಲ್ಪದರದ ಕೆಳಗಿನ ಒಳಚರ್ಮದಲ್ಲಿ, ದೇಹದ ಕಾವಲು ಜೀವಕೋಶಗಳ ಹೊಟ್ಟೆಯೊಳಗೆ ಕೂತಿರುತ್ತವೆ. ನುಂಗಿದರೂ ಕರಗಿಸಲಾಗದಷ್ಟು ದೊಡ್ಡವು. ಒಂದು ಕೋಶ ಸತ್ತರೆ ಪಕ್ಕದ್ದು ಅದೇ ಬಣ್ಣವನ್ನು ಮತ್ತೆ ನುಂಗುತ್ತದೆ ಎಂದು ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ 2018ರಲ್ಲಿ ತೋರಿಸಿದರು. ಹಚ್ಚೆ ಹೋಗದಿರುವ ಗುಟ್ಟು ಇದೇ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಹೊತ್ತು ಬೀಳುವ ಬೆಳಕು ಆ ಕಣಗಳನ್ನು ಒಡೆಯುತ್ತದೆ. ಸುತ್ತಲಿನ ಚರ್ಮ ಕಾಯುವ ಮೊದಲೇ ಗುರಿಯನ್ನು ಮಾತ್ರ ಬಿಸಿ ಮಾಡಬಹುದೆಂಬ ತತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಷ್ 1983ರಲ್ಲಿ ಮಂಡಿಸಿದ್ದರು. ಬೆಳಕಿನ ಪಾಲು ಒಡೆಯುವುದಷ್ಟೇ. ಚೂರುಗಳನ್ನು ಹೊತ್ತು ಸಾಗಿಸುವುದು ದೇಹ. ಅದಕ್ಕೆ ವಾರಗಳು ಬೇಕು.

ನಮ್ಮ ಕಂದು ಚರ್ಮದ ಕತೆ ಇನ್ನೂ ಸೂಕ್ಷ್ಮ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಆ ಬೆಳಕನ್ನು ಹೀರುತ್ತದೆ. 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರನ್ನು ಮೆಲನಿನ್ ಕಡಿಮೆ ಹೀರುವುದರಿಂದ ನಮಗೆ ಅದು ಹೆಚ್ಚು ಸುರಕ್ಷಿತ, ಕಪ್ಪು ಶಾಯಿಗೆ ಒಳ್ಳೆಯ ಮದ್ದು. ಕೆಂಪಿಗೆ ಬೇಕಾದ 532ನ್ನು ಮೆಲನಿನ್ ಹೆಚ್ಚು ಹೀರುತ್ತದೆ. ಗುಳ್ಳೆ ಏಳುವ, ಬಿಳಿ ಮಚ್ಚೆ ಉಳಿಯುವ ಭಯ ಜಾಸ್ತಿ. ಬಿಸಿಲಲ್ಲಿ ಕಪ್ಪಾದ ಚರ್ಮಕ್ಕೆ ಅಪಾಯ ಇನ್ನೂ ಹೆಚ್ಚು. ದಿನವೂ ಬಯಲಲ್ಲಿ ಓಡುವವನಿಗೆ ಬಿಸಿಲು ತಪ್ಪಿಸಿ ಎಂದು ಹೇಳುವುದು ಎಷ್ಟು ಕಷ್ಟ ಎಂದು ಯೋಚಿಸಿ. ಕೂದಲು ತೆಗೆಯುವ ಐಪಿಎಲ್ ಯಂತ್ರದಲ್ಲೇ ಹಚ್ಚೆಗೂ ಬೆಳಕು ಬಿಡುವವರಿದ್ದಾರೆ. ಆ ಬೆಳಕಿನ ಹೊಡೆತ ತುಂಬ ದೀರ್ಘವಾದ್ದರಿಂದ ಕಣದ ಬಿಸಿ ಚರ್ಮಕ್ಕೆ ಹಬ್ಬಿ ಸುಡುತ್ತದೆ. ಅದನ್ನು ಚಿಕಿತ್ಸೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಎಷ್ಟು ಸಲ ಮಾಡಿಸಬೇಕು? ಇಟಲಿಯಲ್ಲಿ 352 ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಸಲದ ನಂತರ ಹಚ್ಚೆ ಯಶಸ್ವಿಯಾಗಿ ಹೋದದ್ದು ಶೇ 47ರಷ್ಟು ಜನರಿಗೆ, ಹದಿನೈದು ಸಲದ ನಂತರ ಶೇ 75ರಷ್ಟು ಜನರಿಗೆ. ಬೀಡಿ ಸಿಗರೇಟು ಸೇದುವವರಲ್ಲಿ, ಎರಡು ಸಿಟ್ಟಿಂಗ್‌ಗಳ ನಡುವೆ ಎಂಟು ವಾರ ಅಥವಾ ಅದಕ್ಕೂ ಕಡಿಮೆ ಅಂತರ ಇಟ್ಟವರಲ್ಲಿ ಫಲ ಕಡಿಮೆ. ಲೆಕ್ಕ ಹಾಕಿದರೆ ವರ್ಷ, ಎರಡು ವರ್ಷದ ಮಾತು. ‘ಸರ್, ಫಿಸಿಕಲ್ ಪಾಸಾಗಿದೆ, ಮೆಡಿಕಲ್ ಒಳಗೆ ತೆಗೆದುಕೊಡಿ’ ಎನ್ನುವವನ ಕೈಯಲ್ಲಿರುವುದು ವಾರಗಳು ಮಾತ್ರ.

ಅವಸರದ ಫಲವನ್ನು ನಾನು ಒಬ್ಬ ಹುಡುಗನ ಮುಂಗೈಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಲೇಸರ್ ಬಿದ್ದ ಕೂಡಲೇ ಅಕ್ಷರಗಳು ಬೆಳ್ಳಗೆ ಉಬ್ಬುತ್ತವೆ, ಅರ್ಧ ಗಂಟೆಯೊಳಗೆ ಇಳಿಯುತ್ತವೆ, ಅದು ಸಹಜ. ಈ ಹುಡುಗನ ಗುಳ್ಳೆ ಒಡೆದು ಹಕ್ಕಳೆ ಕಟ್ಟಿತ್ತು. ಅದು ಮಾಯುವ ಮುಂಚೆಯೇ, ಹತ್ತು ದಿನಕ್ಕೆ, ಶಕ್ತಿ ಹೆಚ್ಚಿಸಿ ಮತ್ತೆ ಹೊಡೆದಿದ್ದರು. ಶಾಯಿ ಬಹುಪಾಲು ಹೋಗಿದೆ. ಆದರೆ ಹೆಸರು ಹೋಗಿಲ್ಲ: ಒಂದೊಂದು ಅಕ್ಷರವೂ ನುಣ್ಣಗೆ, ಹೊಳೆಯುತ್ತ, ಉಬ್ಬಿ ನಿಂತಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಓದಬಹುದು. ಸೇನೆಯ ಪರೀಕ್ಷೆಯಲ್ಲಿ ಕೆಲಾಯ್ಡ್ ಎಂಬ ಉಬ್ಬು ಕಲೆ ಕೂಡ ಅನರ್ಹತೆಗೆ ಕಾರಣವಾಗಬಹುದು. ಒಂದು ದೋಷ ಕಳೆಯಲು ಹೋದವನು ಇನ್ನೊಂದನ್ನು ಹೊತ್ತು ಬರುವುದು ಹೀಗೆ.

ಅವಸರ ಎಲ್ಲಿಂದ ಬರುತ್ತದೆ? 2022ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಲಗೈ ಮೇಲಿನ ಧಾರ್ಮಿಕ ಹಚ್ಚೆಯಿಂದ ತಿರಸ್ಕೃತನಾದ ಅಭ್ಯರ್ಥಿಯೊಬ್ಬ ನಿಂತಿದ್ದ. ತೆಗೆಸಲು ಸಿದ್ಧನೆಂದ. ನ್ಯಾಯಾಲಯ ಎರಡು ವಾರ ಕಾಲಾವಕಾಶ ಕೊಟ್ಟು ಮತ್ತೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಬಿಟ್ಟಿತು. ಬಾಗಿಲು ಮುಚ್ಚದ ಆ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಎರಡು ವಾರದಲ್ಲಿ ಒಂದು ಸಿಟ್ಟಿಂಗಿನ ಗಾಯವೇ ಪೂರ್ತಿ ಮಾಯದಿರಬಹುದು. ಕಾನೂನಿನ ಗಡಿಯಾರಕ್ಕೂ ಚರ್ಮದ ಗಡಿಯಾರಕ್ಕೂ ಹೊಂದಿಕೆಯಿಲ್ಲ.

ಹಾಕಿಸಿಕೊಂಡವನೇ ಅನುಭವಿಸಲಿ ಎನ್ನುವವರ ಮಾತಿನಲ್ಲೂ ತಥ್ಯವಿದೆ. ಸಮವಸ್ತ್ರದ ಪಡೆಗೆ ತನ್ನದೇ ಶಿಸ್ತು ಬೇಕು, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಹದಿನಾರು ಹದಿನೇಳರ ಹುಡುಗ ಜಾತ್ರೆಯಲ್ಲಿ ಕೈ ಚಾಚಿದಾಗ ವಯಸ್ಸು ಕೇಳಿದವರು ಯಾರು? ಸೂಜಿ ಬದಲಿಸಿದ್ದಾರೆಯೇ ಎಂದು ನೋಡಿದವರು ಯಾರು? ಶಾಯಿಗಳ ಪರೀಕ್ಷೆಯಲ್ಲಿ 22 ಬಗೆಯ ಲೋಹಗಳು ಕಂಡುಬಂದಿವೆ ಎಂದು ರಾಜ್ಯದ ಆರೋಗ್ಯ ಸಚಿವರು ಹೇಳಿ, ಕೇಂದ್ರಕ್ಕೆ ಬರೆಯುವ ಮಾತಾಡಿದ್ದು 2025ರಲ್ಲಿ. ಹಾಕುವ ಕಡೆ ಇಷ್ಟು ಸಡಿಲ ಬಿಟ್ಟು, ಅಳೆಯುವ ಕಡೆ ಇಷ್ಟು ಬಿಗಿ ಹಿಡಿದರೆ ನಡುವಿನ ಗಾಯವೆಲ್ಲ ಹುಡುಗನ ಕೈಗೇ ಬೀಳುತ್ತದೆ.

ವಿನಾಯಿತಿಯಲ್ಲೂ ಒಂದು ತೊಡಕಿದೆ. ಬುಡಕಟ್ಟು ಸಮುದಾಯಗಳ ಸಾಂಪ್ರದಾಯಿಕ ಹಚ್ಚೆಗೆ ಸೇನೆ ರಿಯಾಯಿತಿ ಕೊಡುತ್ತದೆ, ಒಳ್ಳೆಯದು. ಶಿವಮೊಗ್ಗ ಜಿಲ್ಲೆಯ ತಾಂಡಾಗಳ ಲಂಬಾಣಿಗರಲ್ಲಿಯೂ ಹಚ್ಚೆ ತಲೆಮಾರುಗಳ ಪದ್ಧತಿ. ಅವರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಪರಿಶಿಷ್ಟ ಪಂಗಡಗಳ ಪಟ್ಟಿಯನ್ನೇ ಹಿಡಿದು ಹೋದರೆ ಒಂದೇ ಗುರುತು ಒಂದು ರಾಜ್ಯದಲ್ಲಿ ಸಂಪ್ರದಾಯ, ಇನ್ನೊಂದರಲ್ಲಿ ದೋಷ. ಅಳಿಸುವ ಮಾತಿಗೆ ಬಂದರೆ, ಕೊರವಂಜಿಯರು ದೀಪದ ಕಾಡಿಗೆಯಿಂದ ಚುಚ್ಚುತ್ತಿದ್ದ ಹಳೆಯ ಹಚ್ಚೆಗಳಲ್ಲಿ ಇರುವುದು ಮುಖ್ಯವಾಗಿ ಇಂಗಾಲ, ಅದೂ ಕಡಿಮೆ; ಇಂಥವು ಲೇಸರಿಗೆ ಬೇಗ ಬಗ್ಗುತ್ತವೆ. ಪಾರ್ಲರಿನ ಬಣ್ಣಬಣ್ಣದ ಚಿತ್ರಗಳೇ ಹೆಚ್ಚು ಹಟಮಾರಿ.

ಆಗಬೇಕಾದದ್ದು ದೊಡ್ಡದೇನಲ್ಲ. ಹಚ್ಚೆಯ ಅಳತೆಯ ನಿಯಮವನ್ನು ಪಿಯು ಕಾಲೇಜು, ಎನ್‌ಸಿಸಿ, ಓಟದ ತರಬೇತಿ ಕೊಡುವವರ ಬಳಿ ಚಿತ್ರಸಮೇತ ಅಂಟಿಸಬೇಕು. ಅರ್ಜಿಯ ಮೊದಲ ಪುಟದಲ್ಲೇ ಹಚ್ಚೆ ಇದೆಯೇ ಎಂಬ ಪ್ರಶ್ನೆ ಬರಬೇಕು. ಆಗ ಪರೀಕ್ಷೆಗೂ ಮೆಡಿಕಲ್‌ಗೂ ನಡುವಿನ ತಿಂಗಳುಗಳು ಚಿಕಿತ್ಸೆಗೆ ಸಿಗುತ್ತವೆ. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮ ವಿಭಾಗದಲ್ಲಿ ಮೊದಲು ಒಂದು ಚುಕ್ಕೆಯ ಮೇಲೆ ಪರೀಕ್ಷಿಸಿ, ಕೆಲಾಯ್ಡ್ ಪ್ರವೃತ್ತಿ ಕೇಳಿ, ಕೈಗೆಟಕುವ ದರದಲ್ಲಿ ಚಿಕಿತ್ಸೆ ನಡೆಯಬೇಕು. ಎಲ್ಲದರಲ್ಲೂ ಗೆದ್ದು ಹಚ್ಚೆಯೊಂದರಿಂದ ನಿಂತವನ ಹೆಸರನ್ನು, ಚಿಕಿತ್ಸೆ ನಡೆಯುತ್ತಿದೆ ಎಂಬ ತಜ್ಞರ ಪತ್ರ ಇದ್ದರೆ, ನೇಮಕಾತಿ ಮಂಡಳಿ ಮುಂದಿನ ಬ್ಯಾಚಿಗೆ ಕಾಯ್ದಿರಿಸಬೇಕು. ಅಷ್ಟಾದರೂ ಸಿಕ್ಕರೆ ಹತ್ತನೇ ದಿನಕ್ಕೆ ಎರಡನೇ ಸಿಟ್ಟಿಂಗ್ ಮಾಡಿ ಎಂದು ಯಾವ ಹುಡುಗನೂ ಯಾರ ಮುಂದೆಯೂ ಅಂಗಲಾಚಬೇಕಿಲ್ಲ.