ಭಾವಚಿತ್ರ ಗೋಡೆಗೇರಿತು, ಮುಂದೇನು?

2024ರ ಜನವರಿ 18ರಂದು ರಾಜ್ಯ ಸಚಿವ ಸಂಪುಟ ವಿಶ್ವಗುರು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಪೂಜ್ಯರು, ಬಸವಪರ ಸಂಘಟನೆಗಳು ಬಹುಕಾಲ ಒತ್ತಾಯಿಸಿದ್ದು ಈಡೇರಿತು. ಸರ್ಕಾರಿ ಕಚೇರಿಗಳ ಗೋಡೆಗೆ ಅಪ್ಪನವರ ಭಾವಚಿತ್ರ ಬಂತು. ಸಂತೋಷದ ವಿಷಯವೇ. ಆದರೆ ಸರ್ಕಾರಿ ಇಂಜಿನಿಯರಾಗಿ ನಿವೃತ್ತನಾದ ನನಗೆ ಉದ್ಘಾಟನೆಯ ಫಲಕಕ್ಕಿಂತ ಆಮೇಲಿನ ನಿರ್ವಹಣೆಯ ಮೇಲೇ ಕಣ್ಣು. ಆ ಘೋಷಣೆಯನ್ನು ಅದೇ ವರ್ಷದ ಘಟನೆಗಳ ಪಕ್ಕದಲ್ಲಿಟ್ಟು ನೋಡೋಣ.

ಮಾರ್ಚ್‌ನಲ್ಲಿ ಬೆಂಗಳೂರು ಬಾಯಾರಿತು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ನಮ್ಮ ಇಟ್ಟಮಡು ಭಾಗದಲ್ಲೂ ಟ್ಯಾಂಕರಿನ ದಾರಿ ಕಾಯುವ ಮನೆಗಳಿದ್ದವು. ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಲೋಕಾರ್ಪಣೆಯಾಯಿತು; 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್. ದೊಡ್ಡ ಕೆಲಸ. ಆದರೂ ನೂರು ಕಿಲೋಮೀಟರ್ ದೂರದಿಂದ, ಅಷ್ಟು ಎತ್ತರಕ್ಕೆ ಪಂಪು ಮಾಡಿದ ನೀರಿನಲ್ಲಿ ಕಾರು ತೊಳೆಯುವವರಿಗೆ ದಾಸೋಹದ ಅರ್ಥ ಇನ್ನೂ ಮುಟ್ಟಿಲ್ಲ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಸುಮಾರು ಎಪ್ಪತ್ತು ವರ್ಷದ ಅಣೆಕಟ್ಟು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿಗೇ ಸ್ಟಾಪ್‌ಲಾಗ್ ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದರು. ಕಾಯಕ ಎಂದರೆ ಇದು. ತುಂಬಿದ ಜಲಾಶಯವನ್ನು ನೋಡಿ ನಾವು ಬಾಗಿನ ಅರ್ಪಿಸುತ್ತೇವೆ. ಸವೆಯುವ ಸರಪಳಿ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆ ಜಲಾಶಯದ ಎಡದಂಡೆ ನಾಲೆ ಗಂಗಾವತಿ ಸೀಮೆಯ ಭತ್ತದ ಗದ್ದೆಗಳಿಗೆ ಹರಿಯುತ್ತದೆ. ಅದೇ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ಹಲ್ಲೆ ನಡೆಸಿ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಗಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯ ವಿಚಾರ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಹೋಟೆಲು, ಕ್ಷೌರದಂಗಡಿಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ್ದು ಆ ಊರಿನ ಜಗಳದ ಬೇರು. ನಾಲೆಯ ನೀರಿಗೆ ಜಾತಿಯಿಲ್ಲ. ಲೋಟಕ್ಕೆ ಬಂದೊಡನೆ ಜಾತಿ ಬರುತ್ತದೆ. ಇದು ಮಠಗಳ ನೆಲ.

ಅದೇ ತಿಂಗಳ 3ರಂದು ಸುಪ್ರೀಂ ಕೋರ್ಟು, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಬಾಹಿರ ಎಂದಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರು ಹನ್ನೆರಡನೆಯ ಶತಮಾನದಲ್ಲೇ ಬದುಕಿ ತೋರಿಸಿದ್ದನ್ನು, 2024ರಲ್ಲಿ ನ್ಯಾಯಾಲಯ ಆದೇಶದ ಮೂಲಕ ಹೇಳಬೇಕಾಯಿತು.

ನಡುವೆ ಲೋಕಸಭಾ ಚುನಾವಣೆ ಬಂತು, ಜೂನ್ 4ಕ್ಕೆ ಫಲಿತಾಂಶವೂ ಬಂತು. ಯಾವ ಒಳಪಂಗಡಕ್ಕೆ ಎಷ್ಟು ಟಿಕೆಟ್ ಎಂಬ ಲೆಕ್ಕ ನಮ್ಮವರಿಗೂ ಬಾಯಿಪಾಠ. ವರ್ಷದ ಕೊನೆಗೆ, ವಚನ ಸಾಹಿತ್ಯಕ್ಕೆ ದುಡಿದ ಗೊ.ರು. ಚನ್ನಬಸಪ್ಪನವರು ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಭಿಮಾನಪಡೋಣ, ಅಷ್ಟಕ್ಕೇ ನಿಲ್ಲುವುದು ಬೇಡ.

ಪೂಜ್ಯರಲ್ಲಿ, ಶರಣ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೆ. ಅಣೆಕಟ್ಟಿಗೆ ಮಳೆಗಾಲಕ್ಕೆ ಮುಂಚೆ ತಪಾಸಣೆ ಇರುವಂತೆ, ಪ್ರತಿ ಮಠವೂ ಬಸವ ಜಯಂತಿಗೆ ಮುಂಚೆ ತನ್ನ ಸುತ್ತಲ ಹಳ್ಳಿಗಳನ್ನು ನೋಡಿ ಬರಲಿ. ಎಲ್ಲರಿಗೂ ಒಂದೇ ಲೋಟವೇ? ಕ್ಷೌರದಂಗಡಿ ಎಲ್ಲರಿಗೂ ತೆರೆದಿದೆಯೇ? ದಾಸೋಹದ ಪಂಕ್ತಿಯಲ್ಲಿ ಎಲ್ಲರೂ ಜೊತೆಗೆ ಕೂರುತ್ತಾರೆಯೇ? ಇಲ್ಲವಾದರೆ ಅಲ್ಲೇ ಕುಳಿತು ಸರಿಪಡಿಸಿ, ಆಮೇಲೆ ಮೆರವಣಿಗೆ ಹೊರಡಲಿ.