ಕೈಕೊಟ್ಟಿದ್ದು ಕಾರಲ್ಲ

"ಸೆಕೆಂಡ್ ಹ್ಯಾಂಡ್ ಗಾಡಿ ಅಲ್ವಾ, ಕೈಕೊಡದೆ ಇನ್ನೇನಾಗತ್ತೆ?" ಎರಡು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಅಪ್ಪ ಹೇಳಿದ್ದಾರೆ, ಮೈಸೂರಿನ ಹಾಸ್ಟೆಲಿನ ಗೆಳೆಯರು ಹೇಳಿದ್ದಾರೆ, ಕೆಟ್ಟು ನಿಂತ ಕಾರನ್ನು ಲಾರಿಗೆ ಹತ್ತಿಸಲು ಬಂದವನೂ ಹೇಳಿದ್ದಾನೆ. ಹೇಳುವವರೆಲ್ಲರ ಮುಖದಲ್ಲೂ ಒಂದೇ ನೆಮ್ಮದಿ: ತಪ್ಪು ಯಾರದೆಂದು ತೀರ್ಮಾನವಾಗಿದೆ, ಇನ್ನು ವಿಚಾರಣೆ ಬೇಕಿಲ್ಲ. ನನ್ನ ತಕರಾರು ಆ ನೆಮ್ಮದಿಯ ಮೇಲೆ.

ನನ್ನದು 2013ರ ಪುಟ್ಟ ಸ್ಪೋರ್ಟ್ಸ್ ಸೆಡಾನ್. ಟರ್ಬೊ ಪೆಟ್ರೋಲ್ ಎಂಜಿನ್, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಮೂರನೇ ಮಾಲೀಕ ನಾನು. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಆ ಕಂಪನಿ ಮೇಲೋ ಈ ಕಂಪನಿ ಮೇಲೋ ಎಂಬ ಜಗಳ ಶುರುವಾಗುತ್ತದೆ. ಪಿಎಚ್‌ಡಿ ಮಾಡುವವನಿಗೆ ಇಂಥ ಕಾರು ಯಾಕೆ ಎನ್ನುವ ಸಾಹಿತ್ಯದ ಗೆಳೆಯರಿಗೆ ನನ್ನ ಉತ್ತರ ಚಿಕ್ಕದು. ಹೊಸ ಸಣ್ಣ ಕಾರಿನ ಅರ್ಧ ಬೆಲೆಗೆ ಸಿಕ್ಕಿತು. ಹೇಳಿದ ಮಾತು ಕೇಳುವ ಸ್ಟಿಯರಿಂಗ್ ಎಂದರೇನೆಂದು ಶಿರಾಡಿಯ ತಿರುವುಗಳಲ್ಲಿ ಗೊತ್ತಾಯಿತು. ನಾನು ಎಷ್ಟು ಸರಳವಾಗಿರಬೇಕೆಂದು ಇನ್ಯಾರೋ ನಿರ್ಧರಿಸುವುದು ನನಗೆ ಹಿಡಿಸುವುದಿಲ್ಲ.

ಇನ್ನು ನಂಬಿಕೆಯ ಮಾತು. ಹೇಳಿದ ದಿನ ಕೈಗೆ ಬಾರದವುಗಳ ಪಟ್ಟಿಯಲ್ಲಿ ನನಗೆ ಫೆಲೋಶಿಪ್ ಮೊದಲನೆಯದು, ಗೈಡಿಗೆ ಕೊಟ್ಟ ಅಧ್ಯಾಯ ಎರಡನೆಯದು. ಕಾರಿಗೆ ಮೂರನೇ ಜಾಗ. ಎರಡು ವರ್ಷದಲ್ಲಿ ಅದು ನಡುದಾರಿಯಲ್ಲಿ ನಿಂತದ್ದು ಒಂದೇ ಸಲ. ಆದರೆ ನಿಂತದ್ದು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಹಿಂದಿನ ಸೀಟಿನಲ್ಲಿ ಅಪ್ಪ, ಅವರ ತೊಡೆಯ ಮೇಲೆ ಹೃದಯದ ಡಾಕ್ಟರಿಗೆ ತೋರಿಸಬೇಕಾದ ರಿಪೋರ್ಟುಗಳು. ಆಕ್ಸಿಲರೇಟರ್ ತುಳಿದರೆ ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ. ಹಿಂದಿನಿಂದ ಹಾರ್ನುಗಳ ಜಾತ್ರೆ. ಅಪ್ಪ ಏನೂ ಅನ್ನದೆ ಇಳಿದು, ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆಟೊ ಹತ್ತಿ ಹೋದರು. ಬೈದಿದ್ದರೆ ವಾಸಿಯಿತ್ತು.

ಈ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್. ಒಂದು ಬೆಸ ಗೇರುಗಳಿಗೆ, ಇನ್ನೊಂದು ಸರಿ ಗೇರುಗಳಿಗೆ. ಒಂದು ಗೇರಿನಲ್ಲಿ ಓಡುವಾಗಲೇ ಮುಂದಿನದು ಸಿದ್ಧವಾಗಿರುತ್ತದೆ. ಹೆದ್ದಾರಿಯಲ್ಲಿ ಕಾರು ಅಷ್ಟು ಚುರುಕಾಗಿರುವುದು ಅದಕ್ಕೇ. ಆದರೆ ನನ್ನ ಕಾರಿನದು ಡ್ರೈ ಕ್ಲಚ್, ತಣ್ಣಗಿಡಲು ಸುತ್ತ ಆಯಿಲ್ ಇಲ್ಲ. ಅಂಗುಲ ಅಂಗುಲ ತೆವಳುವ ಟ್ರಾಫಿಕ್ಕಿನಲ್ಲಿ ಅದು ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಉಜ್ಜಿ ಉಜ್ಜಿ ಕಾಯುತ್ತದೆ. ಇದನ್ನು ನಮ್ಮ ಟ್ರಾಫಿಕ್ಕಿಗೆ ಮಾರಿದವರನ್ನು ಯಾರೂ ನಂಬಿಕೆಗೆಟ್ಟವರು ಅನ್ನಲಿಲ್ಲ. ಆ ಬಿರುದು ಕಾರಿಗೆ ಸಿಕ್ಕಿತು.

ಅಂದು ಕೆಟ್ಟಿದ್ದು ಕ್ಲಚ್ಚೂ ಅಲ್ಲ, ಗೇರು ಬದಲಿಸುವ ಹೈಡ್ರಾಲಿಕ್ ಯೂನಿಟ್. ಅಧಿಕೃತ ಸರ್ವಿಸ್ ಸೆಂಟರಿನವರು ಇಡೀ ಯೂನಿಟ್ ಬದಲಿಸಬೇಕೆಂದು 2,10,000 ರೂಪಾಯಿ ಎಸ್ಟಿಮೇಟ್ ಕೈಗಿಟ್ಟರು. ನನ್ನ ಐದು ತಿಂಗಳ ಫೆಲೋಶಿಪ್ಪು. ಒಳಗೆ ಏನು ಹೋಗಿದೆ ಎಂದು ಕೇಳಿದೆ. "ಅದನ್ನ ನಾವು ಬಿಚ್ಚಲ್ಲ ಸರ್."

ಬಿಚ್ಚಿದ್ದು ಮೈಸೂರಿನ ಬನ್ನಿಮಂಟಪದ ಹತ್ತಿರದ ಒಂದು ತಗಡಿನ ಶೆಡ್ಡಿನಲ್ಲಿ. ಒತ್ತಡ ಹಿಡಿದಿಡುವ ಭಾಗದ ಗೂಡಿನಲ್ಲಿ ಕೂದಲೆಳೆಯಷ್ಟು ಬಿರುಕು, ಅಲ್ಲಿಂದ ಆಯಿಲ್ ಸೋರಿತ್ತು. ಒಟ್ಟು ಖರ್ಚು 38,000. ಕೆಲಸ ಎರಡು ದಿನದ್ದು, ಆದರೆ ನಾನು ಕಾದದ್ದು ಹತ್ತೊಂಬತ್ತು ದಿನ. ಬಿಡಿಭಾಗ ಸಿಗಲು ಅಷ್ಟು, ಜೋಡಿಸಿದ ಮೇಲೆ ಗೇರ್‌ಬಾಕ್ಸನ್ನು ಕಂಪ್ಯೂಟರಿಗೆ ಹೊಂದಿಸಬಲ್ಲ ಸ್ಕ್ಯಾನರ್ ಕಡ ತರಲು ಅಷ್ಟು. ಮೆಕ್ಯಾನಿಕ್ಕಿಗೆ ಕೈಚಳಕವಿತ್ತು. ಬಾಗಿಲ ಬೀಗದ ಕೈ ಇರಲಿಲ್ಲ.

ಇದು ನನ್ನೊಬ್ಬನ ಗೋಳಲ್ಲ. ಬಿಡಿಭಾಗ, ತಾಂತ್ರಿಕ ಮಾಹಿತಿ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಕ್ಕೆ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಮೇಲ್ಮನವಿಗಳು ನಡೆದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರಿಪೇರಿ ಹಕ್ಕಿ'ಗೆಂದು ಪೋರ್ಟಲನ್ನೂ ತೆರೆಯಿತು. ನಮ್ಮ ಶೆಡ್ಡಿನಲ್ಲಿ ಸ್ಕ್ಯಾನರ್ ಇನ್ನೂ ಕಡದ್ದೇ.

ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಸರ್ವಿಸ್ ಪುಸ್ತಕದಲ್ಲಿ 2017ರವರೆಗೆ ಸೀಲು, ಮುಂದೆ ಖಾಲಿ. ಮೀಟರಿನಲ್ಲಿ 62,000 ಕಿಲೋಮೀಟರ್. ಬ್ರೇಕ್ ಪೆಡಲಿನ ರಬ್ಬರ್ ಮಾತ್ರ ಸವೆದು ನುಣ್ಣಗಾಗಿತ್ತು. ಹಸ್ತಪ್ರತಿಯ ಒಂದು ಗರಿ ಕಾಣೆಯಾದರೆ ಮೂರು ಅಡಿಟಿಪ್ಪಣಿ ಬರೆಯುವವನು, ಏಳು ವರ್ಷದ ದಾಖಲೆ ಇಲ್ಲದ ಕಾರಿಗೆ ಬಣ್ಣ ನೋಡಿ ಅಡ್ವಾನ್ಸ್ ಕೊಟ್ಟೆ. ಆ ಏಳು ವರ್ಷ ಯಾರೋ ಆಯಿಲ್ ಬದಲಿಸದೆ ಉಳಿಸಿದ ದುಡ್ಡನ್ನು ಈಗ ನಾನು ಕಟ್ಟುತ್ತಿರಬಹುದು. ಅವರನ್ನೂ ಯಾರೂ ಬೈಯುವುದಿಲ್ಲ.

ಆರ್‌ಸಿ ಕೈಬದಲಾಗುವಾಗ ಸರ್ವಿಸ್ ದಾಖಲೆಯೂ ಕೈಬದಲಾಗಬೇಕೆಂದು ಕಾನೂನು ಮಾಡಲಿ. ಬಿಡಿಭಾಗ, ಕೈಪಿಡಿ, ಸ್ಕ್ಯಾನರ್ ಬನ್ನಿಮಂಟಪದ ಶೆಡ್ಡಿಗೂ ನ್ಯಾಯವಾದ ಬೆಲೆಗೆ ಸಿಗಲಿ. ಆಮೇಲೂ ಸಿಲ್ಕ್ ಬೋರ್ಡಿನಲ್ಲಿ ನಿಂತರೆ ಬನ್ನಿ, ಎಲ್ಲರೂ ಸೇರಿ ಕಾರನ್ನು ಬೈಯೋಣ.

ಇಷ್ಟೆಲ್ಲ ವಾದ ಅಪ್ಪನ ಮುಂದೆ ನಡೆಯುವುದಿಲ್ಲ. ಕಳೆದ ವಾರವೂ ಹಾಸನದಿಂದ ಬಸ್ಸಿನಲ್ಲೇ ಬಂದರು. ಸ್ಟ್ಯಾಂಡಿನಿಂದ ಹಾಸ್ಟೆಲಿನವರೆಗೆ ಮಾತ್ರ ಕಾರು ಹತ್ತಲು ಒಪ್ಪಿದರು, ಅದೂ ಮುಂದಿನ ಸೀಟಿನಲ್ಲಿ, ಕಣ್ಣು ಗೇರಿನ ಅಂಕಿಯ ಮೇಲೆ.