ಗೋವೆಯ ದಂಡೆಯಲ್ಲಿ ಪರದೇಶಿ ಯಾರು?

ಗೋವೆಯ ಕಡಲ ದಂಡೆಯಲ್ಲಿ ಒಂದು ಜಗಳ ಬಹಳ ದಿನಗಳಿಂದ ನಡೆದಿದೆ. ಚಳಿಗಾಲ ಬಂದಿತೆಂದರೆ ಜೋರಾಗುತ್ತದೆ, ಮಳೆಗಾಲ ಹಿಡಿದರೆ ತಣ್ಣಗಾಗುತ್ತದೆ. ಒಂದು ಕಡೆಗೆ, ಅಲ್ಲಿ ಮನೆ ಬಾಡಿಗೆ ಹಿಡಿದು ಆರು ತಿಂಗಳು, ವರುಷ, ಹತ್ತು ವರುಷ ಬೀಡುಬಿಟ್ಟ ವಿದೇಶೀಯರು. ಇನ್ನೊಂದು ಕಡೆಗೆ, ಶನಿವಾರ ಬಂದು ಸೋಮವಾರ ಹೋಗುವ ನಮ್ಮ ದೇಶದ ಪ್ರವಾಸಿಗಳು. ಅವರಿಗೆ ಇವರ ಮುಖ ಬೇಡ, ಇವರಿಗೆ ಅವರ ಮೇಲೆ ಮರ್ಯಾದೆಯಿಲ್ಲ. ಗೋವೆ ಕೆಟ್ಟುಹೋಯಿತೆಂದು ಇಬ್ಬರೂ ಗೋಳಾಡುತ್ತಾರೆ. ಕೆಡಿಸಿದವನು ಎದುರಿಗಿದ್ದವನೇ ಎಂದು ಇಬ್ಬರೂ ಬೆರಳು ತೋರಿಸುತ್ತಾರೆ.

ಇದಕ್ಕೂ ನಮಗೂ ಏನು ಸಂಬಂಧವೆಂದು ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಓದುಗ ಬಂಧುಗಳು ಕೇಳಬಹುದು. ಸಂಬಂಧ ಉಂಟು. ನಿಪ್ಪಾಣಿಯಿಂದ ಆಜರಾ ಹಾದು ಅಂಬೋಲಿ ಘಟ್ಟ ಇಳಿದರೆ ಗೋವೆ ದೂರವಿಲ್ಲ. ಮೀರಜದಿಂದ ಶೇಡಬಾಳ, ಉಗಾರ, ರಾಯಬಾಗಗಳ ಮೇಲೆ ಹಾಯುವ ರೇಲ್ವೆ ಹಾದಿ ಬೆಳಗಾವಿ, ಲೋಂಡಾ ದಾಟಿ ವಾಸ್ಕೋಗೆ ಹೋಗಿಯೇ ನಿಲ್ಲುತ್ತದೆ. ಈ ಹಾದಿಗಳಲ್ಲಿ ನಮ್ಮ ಜಿಲ್ಲೆಗಳಿಂದ ಎರಡು ತರದ ಜನ ಗೋವೆಗೆ ಇಳಿಯುತ್ತಾರೆ. ಒಬ್ಬರು ಕಬ್ಬಿನ ಬಿಲ್ಲು ಕೈಗೆ ಬಂದಾಗ, ಇಲ್ಲವೆ ರಜೆ ಸಿಕ್ಕಾಗ ಮೋಜಿಗೆ ಹೋಗುವವರು. ಇನ್ನೊಬ್ಬರು ಗಂಟುಮೂಟೆ ಕಟ್ಟಿಕೊಂಡು, ಕೂಸು ಬಗಲಿಗೆ ಹಾಕಿಕೊಂಡು ಹೊಟ್ಟೆಗಾಗಿ ಹೋಗುವವರು. ಆ ಜಗಳದಲ್ಲಿ ಮೊದಲನೆಯವರು ಒಂದು ಪಕ್ಷವಾಗಿದ್ದಾರೆ. ಎರಡನೆಯವರನ್ನು ಯಾವ ಪಕ್ಷವೂ ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ.

ಮೊದಲು ಬೀಡುಬಿಟ್ಟ ವಿದೇಶೀಯನ ಮಾತು. 1960ರ ದಶಕದ ಕೊನೆಗೆ ಯುರೋಪು, ಅಮೇರಿಕೆಗಳ ಹಿಪ್ಪಿ ತರುಣರು ತುರ್ಕಸ್ತಾನ, ಇರಾನ, ಅಫಘಾನಿಸ್ತಾನಗಳನ್ನು ನೆಲದ ಮೇಲೆಯೇ ದಾಟಿ ಗೋವೆಗೆ ಬರತೊಡಗಿದರು. ತಮ್ಮ ನಾಡಿನ ಹಣದಾಹ, ಯುದ್ಧದಾಹಗಳಿಗೆ ಬೇಸತ್ತು ಬಂದವರು ಅವರಲ್ಲಿ ಇದ್ದರು. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಮೊದಲು ಕಳಂಗೂಟಿನಲ್ಲಿ ಇಳಿದರು. ಅಲ್ಲಿ ಗದ್ದಲವಾಯಿತೆಂದು ಅಂಜುಣೆಗೆ ಸರಿದರು. ಅಲ್ಲಿಯೂ ಗದ್ದಲವಾಯಿತೆಂದು ಹರಮಲ್ಲಿಗೆ ಸರಿದರು. ಯಾವ ಗದ್ದಲಕ್ಕೆ ಓಡಿದರೋ ಆ ಗದ್ದಲ ಅವರ ಬೆನ್ನು ಹತ್ತಿಯೇ ಬಂದಿತ್ತು. 1980ರ ದಶಕದ ನಡುವಿನಿಂದ ಯುರೋಪಿನ ಬಾಡಿಗೆ ವಿಮಾನಗಳು ನೇರವಾಗಿ ದಾಬೋಳಿಗೆ ಇಳಿಯತೊಡಗಿದಾಗ, ಹಳೆಯ ಹಿಪ್ಪಿ ಮೊದಲು ಮೂಗು ಮುರಿದದ್ದು ತನ್ನ ದೇಶಬಾಂಧವನನ್ನು ಕಂಡೇ. ಎರಡು ವಾರಕ್ಕೆ ಬಂದ ಇವನಿಗೆ ಗೋವೆ ಏನು ತಿಳಿದೀತು ಎಂಬುದು ಅವನ ತಾತ್ಸಾರ. ಮುಂದೆ ಮುಂಬಯಿ, ಬೆಂಗಳೂರು, ದಿಲ್ಲಿಗಳ ಪ್ರವಾಸಿಗಳು ತುಂಬಿಕೊಂಡಾಗ ಅದೇ ತಾತ್ಸಾರ ಅವರ ಮೇಲೆ ತಿರುಗಿತು. ಇವರು ಕಿರಚುತ್ತಾರೆ, ಕುಡಿದು ಬಾಟಲಿ ಒಡೆಯುತ್ತಾರೆ, ಹೆಂಗಸರನ್ನು ದಿಟ್ಟಿಸುತ್ತಾರೆ, ಇವರಿಂದಾಗಿ ‘ನಮ್ಮ ಗೋವೆ’ ಹಾಳಾಯಿತು ಎಂಬ ಮಾತು ಮೋರ್ಜಿಯಿಂದ ಪಾಲೋಲೆಯವರೆಗೆ ಕೇಳಿಬರುತ್ತದೆ.

‘ನಮ್ಮ ಗೋವೆ’! ಈ ಮಾತನ್ನು ನಿಂತು ಕೇಳಬೇಕು. ಪೌಂಡು, ಯೂರೋ, ರೂಬಲ್ಲುಗಳಲ್ಲಿ ಗಳಿಸಿ ರೂಪಾಯಿಯಲ್ಲಿ ಉಣ್ಣುವವನು ಬಂದ ಊರಿನಲ್ಲಿ ಬಾಡಿಗೆ ಏರದೆ ಇಳಿಯುತ್ತದೆಯೆ? ಮೋರ್ಜಿಯಲ್ಲಿ ಅಂಗಡಿಯ ಹಲಗೆ, ಊಟದ ಪಟ್ಟಿ ರಷ್ಯನ್ ಅಕ್ಷರದಲ್ಲಿ ಬಂದದ್ದು ತಾನಾಗಿಯೇ ಅಲ್ಲ. ಗಿರಾಕಿಯ ಹಣ ಬರೆಯಿಸಿತು. 1999ರ ವಿದೇಶಿ ವಿನಿಮಯ ಕಾಯದೆಯ ಪ್ರಕಾರ ಪ್ರವಾಸಿ ಪರವಾನಿಗೆಯ ಮೇಲೆ ಬಂದ ವಿದೇಶೀಯ ಇಲ್ಲಿ ಹೊಲ ಮನೆ ಕೊಳ್ಳುವಂತಿಲ್ಲ. ಆದರೂ ಹಿಂಬಾಗಿಲಿನಿಂದ ಕೊಂಡರೆಂಬ ಗುಮಾನಿಯ ಮೇಲೆ ಸರಕಾರ ತನಿಖೆ ನಡೆಸಬೇಕಾಗಿ ಬಂದಿತು. ಶಾಂತಿ ಅರಸಿ ಬಂದವನು ತನ್ನ ಪಾದದ ಗುರುತನ್ನು ಮೊದಲು ನೋಡಿಕೊಳ್ಳಲಿ.

ಇನ್ನು ನಮ್ಮ ಪ್ರವಾಸಿಯ ಮಾತು. ಅದನ್ನು ಮುಚ್ಚಿಡುವುದು ನಮ್ಮಿಂದಾಗದು. ಅವನಿಗೆ ಎರಡು ಕಣ್ಣು. ಎರಡರ ನೋಟವೂ ಬೇರೆ. ಒಂದು ಕಣ್ಣು ವಿದೇಶೀಯನನ್ನು ಗಾಂಜಾ ಸೇದುವವನು, ಮಾನ ಬಿಟ್ಟವನು, ನಮ್ಮ ಸಂಸ್ಕೃತಿ ಕೆಡಿಸಿದವನು ಎಂದು ನೋಡುತ್ತದೆ. ಇನ್ನೊಂದು ಕಣ್ಣು ಈಜಲು ಇಳಿದ ವಿದೇಶೀ ಹೆಂಗಸನ್ನು ಮೇಳದ ಆಟ ನೋಡಿದಂತೆ ನೋಡುತ್ತದೆ. ಕೇಳದೆ ಕೇಳಿಸದೆ ಮೊಬೈಲು ಹಿಡಿದು ಚಿತ್ರ ತೆಗೆಯುವುದು, ಬದಿಗೆ ನಿಂತು ಗುಂಪುಗೂಡಿ ನಗುವುದು — ಇದು ಯಾವ ಸಂಸ್ಕೃತಿ? ಊರಲ್ಲಿ ಅಕ್ಕ ತಂಗಿಯರ ಮುಂದೆ ತಲೆ ತಗ್ಗಿಸಿ ನಡೆಯುವ ಹುಡುಗ ಘಟ್ಟ ಇಳಿದೊಡನೆ ಹುಲಿಯಾಗುವುದು ಹೇಗೆ? ಬಿಳಿಯ ತೊಗಲಿನ ಹೆಣ್ಣು ಯಾರ ಮಗಳೂ ಅಲ್ಲವೆಂದು ಅವನಿಗೆ ಹೇಳಿಕೊಟ್ಟವರು ಯಾರು? ನಮ್ಮ ತಾಲೂಕುಗಳ ತರುಣರಿಗೆ ನಾವು ನೇರವಾಗಿ ಹೇಳುತ್ತೇವೆ: ಇದು ನಾಚಿಕೆಗೇಡು. ವಿದೇಶೀಯರು ನಮ್ಮನ್ನು ದೂರುವುದರಲ್ಲಿ ಇಷ್ಟು ಮಾತು ನಿಜ. ನಿಜವನ್ನು ಒಪ್ಪಿಕೊಂಡರೆ ದೇಶಾಭಿಮಾನ ಕುಂದುವುದಿಲ್ಲ.

ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಮನುಷ್ಯರೆಂದು ನೋಡಿಲ್ಲ. ಒಬ್ಬನಿಗೆ ಇನ್ನೊಬ್ಬ ಗದ್ದಲ, ಇನ್ನೊಬ್ಬನಿಗೆ ಇವನು ತಮಾಷೆ. ಆದರೂ ಒಂದು ವಿಷಯದಲ್ಲಿ ಇಬ್ಬರ ಕಣ್ಣೂ ಒಂದೇ. ಇಬ್ಬರೂ ಮಲಗುವ ಕೋಣೆಯನ್ನು ಕಟ್ಟಿದವನು, ಹಾಸಿಗೆ ಒಗೆಯುವವಳು, ಇಬ್ಬರೂ ಬಿಟ್ಟುಹೋದ ಬಾಟಲಿ ಆರಿಸುವವನು ಇಬ್ಬರಿಗೂ ಕಾಣುವುದಿಲ್ಲ.

ಅವನು ಯಾರು? ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಬೆಳಗಾವಿ ಜಿಲ್ಲೆಗಳ ಬಡವನು. 2011ರ ಜನಗಣತಿಯಲ್ಲಿ ಗೋವೆಯ ಜನಸಂಖ್ಯೆ 14.58 ಲಕ್ಷ, ಅದರಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 68 ಸಾವಿರ. ಬಂದು ಹೋಗುವ ಕೂಲಿಕಾರ ಎಲ್ಲ ಲೆಕ್ಕಕ್ಕೂ ಸಿಕ್ಕುವವನಲ್ಲ. ಗಾರೆ ಕೆಲಸ, ಕಲ್ಲು ಹೊರುವ ಕೆಲಸ, ಬಂದರಿನ ಹಮಾಲಿ, ಹೋಟೆಲಿನ ಪಾತ್ರೆ ಇವನ ಪಾಲಿಗೆ. ದಂಡೆಯ ಮೇಲೆ ಕಸೂತಿ ಚೀಲ, ಮಣಿಸರ ಹೊತ್ತು ಬಿಸಿಲಲ್ಲಿ ತಿರುಗುವ ಲಂಬಾಣಿ ತಾಯಿ ನಮ್ಮ ನಾಡಿನವಳು. ಗೋವೆಯ ತಾಟಿನ ಕಾಯಿಪಲ್ಲೆ ದಿನದಿನವೂ ಚೋರ್ಲಾ ಘಟ್ಟ ಇಳಿದು ಹೋಗುವುದು ನಮ್ಮ ಬೆಳಗಾವಿಯ ಪೇಟೆಯಿಂದ. ಇಷ್ಟೆಲ್ಲ ಕೊಟ್ಟ ಈ ಜನಕ್ಕೆ ಅಲ್ಲಿ ಸಿಕ್ಕ ಹೆಸರು ‘ಘಾಟಿ’. ಘಟ್ಟದ ಮೇಲಿನವನೆಂಬ ಅರ್ಥದ ಮಾತು ಬೈಗುಳವಾಗಿ ನಿಂತಿದೆ.

ನಮ್ಮ ಭಾಷೆಯಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥ. ಬೇರೆ ದೇಶದವನೆಂಬುದು ಒಂದು; ದಿಕ್ಕು ದೆಸೆಯಿಲ್ಲದವನೆಂಬುದು ಇನ್ನೊಂದು. ಗೋವೆಯಲ್ಲಿ ಈ ಎರಡು ಅರ್ಥಗಳು ಬೇರೆ ಬೇರೆ ಮನುಷ್ಯರಿಗೆ ಹಂಚಿಹೋಗಿವೆ. ಹೊರದೇಶದಿಂದ ಬಂದವನು ಸಾಹೇಬನಾದ. ಸ್ವಂತ ದೇಶದಲ್ಲಿ ಇದ್ದವನು ಪರದೇಶಿಯಾದ.

ಇದು ಬರಿಯ ಮಾತಲ್ಲ. ವಾಸ್ಕೋದ ಬೈನಾ ದಂಡೆಯಲ್ಲಿ ನಮ್ಮ ಜನ ದಶಕಗಟ್ಟಲೆ ಗುಡಿಸಲು ಹಾಕಿ ಬಾಳಿದ್ದರು. 2004ರ ಜೂನಿನಲ್ಲಿ, ಮಳೆ ಹಿಡಿಯುವ ಹೊತ್ತಿನಲ್ಲಿ, ಅಲ್ಲಿ ಗುಡಿಸಲುಗಳನ್ನು ಕೆಡವಿದರು. 2017ರಲ್ಲಿ ಉಳಿದ ಮನೆಗಳ ಮೇಲೆ ಮತ್ತೆ ಯಂತ್ರ ನಡೆಯಿತು. ನ್ಯಾಯಾಲಯದ ಆಜ್ಞೆ, ಕಡಲ ದಂಡೆಯ ನಿಯಮ ಎಂದರು. ನಿಯಮ ಇರಲಿ. ಆದರೆ ಹಿಂಬಾಗಿಲಿನ ಭೂಮಿ ವ್ಯವಹಾರದ ವಿಚಾರ ಬಂದಾಗ ಓಡಾಡಿದ್ದು ಕಡತ. ಬೈನಾದಲ್ಲಿ ಓಡಾಡಿದ್ದು ಯಂತ್ರ.

2020ರ ಮಾರ್ಚಿನ ಲಾಕ್‌ಡೌನು ಇನ್ನೊಂದು ಸಾಕ್ಷಿ. ಗೋವೆಯಲ್ಲಿ ಸಿಕ್ಕಿಬಿದ್ದ ವಿದೇಶೀಯರನ್ನು ಅವರವರ ಸರಕಾರಗಳು ವಿಶೇಷ ವಿಮಾನ ತರಿಸಿ ದಾಬೋಳಿಯಿಂದ ಕರೆದೊಯ್ದವು. ಅದು ತಪ್ಪಲ್ಲ, ಪ್ರಜೆಯ ಕಾಳಜಿ ಇರುವ ಸರಕಾರ ಹಾಗೆಯೇ ಮಾಡಬೇಕು. ಆದರೆ ಕೆಲಸ ನಿಂತು, ಕೂಲಿ ನಿಂತು, ನೂರೈವತ್ತು ಮೈಲಿಯೊಳಗಿನ ತನ್ನ ಊರಿಗೆ ಬರಲಾರದೆ ಗಡಿಯಲ್ಲಿ ತಡೆಯಲ್ಪಟ್ಟ ಕನ್ನಡದ ಕೂಲಿಕಾರನಿಗೆ ಯಾವ ಸರಕಾರ ಇತ್ತು? ಸಾವಿರಾರು ಮೈಲಿಯ ಆಚೆಯ ದೇಶ ಹತ್ತಿರವಾಯಿತು, ಅನಮೋಡದ ಘಟ್ಟ ದೂರವಾಯಿತು.

ಬಡ ಪ್ರವಾಸಿಯ ಪಾಡೂ ಬೇರೆಯಲ್ಲ. 2001ರ ಪ್ರವಾಸಿ ಸ್ಥಳಗಳ ಕಾಯದೆಗೆ ಗೋವಾ ಸರಕಾರ 2019ರಲ್ಲಿ ತಿದ್ದುಪಡಿ ತಂದಿತು. ಬಯಲಿನಲ್ಲಿ ಒಲೆ ಹೂಡಿ ಅಡಿಗೆ ಮಾಡಿದರೆ, ಮದ್ಯ ಕುಡಿದರೆ, ಬಾಟಲಿ ಒಡೆದರೆ ಒಬ್ಬನಿಗೆ 2,000 ರೂಪಾಯಿ, ಗುಂಪಿಗೆ 10,000 ರೂಪಾಯಿ ದಂಡವೆಂದು ಆಗ ಗೊತ್ತುಮಾಡಿತು. ಬಾಟಲಿ ಒಡೆಯುವವನಿಗೆ ದಂಡ ಹಾಕಲಿ. ನಾವು ಅವನ ವಕೀಲರಲ್ಲ. ಆದರೆ ವರುಷಕ್ಕೊಮ್ಮೆ ಮೋಟಾರು ಬಾಡಿಗೆ ಹಿಡಿದು, ಮುದುಕಿಗೆ ಸಮುದ್ರ ತೋರಿಸಲು ಹೋದ ರೈತ ಕುಟುಂಬ ಹೋಟೆಲಿನ ಊಟ ಕೊಳ್ಳಲಾರದೆ ಒಲೆ ಹಚ್ಚಿದರೆ, ಅವರೂ ಬಾಟಲಿ ಒಡೆದ ಪುಂಡರೂ ಒಂದೇ ಸಾಲಿಗೆ ಸೇರಿದರಲ್ಲ! ಅನ್ನ ಬೇಯಿಸುವುದು ಎಂದಿನಿಂದ ಪುಂಡಾಟಿಕೆಯಾಯಿತು? ಅಡಿಗೆಗೆ ಒಂದು ಕಟ್ಟೆ, ಒಂದು ನಲ್ಲಿ ಕಟ್ಟಿಕೊಟ್ಟು ಆಮೇಲೆ ದಂಡದ ಮಾತು ಆಡಿದ್ದರೆ ನಾವು ಒಪ್ಪುತ್ತಿದ್ದೆವು.

ಗೋವೆಯನ್ನಷ್ಟೇ ದೂರಿ ಸುಮ್ಮನಿರಲು ನಮಗೆ ಹಕ್ಕಿಲ್ಲ. ನಮ್ಮ ಹಂಪೆಯ ಎದುರಿಗೆ, ತುಂಗಭದ್ರೆಯ ಆಚೆ ದಂಡೆಯ ವಿರೂಪಾಪುರ ಗಡ್ಡೆಯಲ್ಲಿ ನಡೆದದ್ದೂ ಇದೇ ಕತೆ. ವಿದೇಶೀಯರು ತಿಂಗಳುಗಟ್ಟಲೆ ಉಳಿದರು. ಅವರನ್ನು ನೋಡಲಿಕ್ಕೆಂದೇ ನಮ್ಮವರು ದೋಣಿ ಹತ್ತಿದರು. 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ರೆಸಾರ್ಟುಗಳು ಅಕ್ರಮವೆಂದಿತು, ಮಾರ್ಚಿನಲ್ಲಿ ಕೆಡವಿದರು. ಹಂಪೆಯ ರಕ್ಷಣೆ ಆಗಬೇಕಾದದ್ದೇ. ಆದರೆ ವಿದೇಶೀಯ ಚೀಲ ಹೊತ್ತು ಮತ್ತೊಂದು ಊರಿಗೆ ನಡೆದ, ಪ್ರವಾಸಿ ಮತ್ತೊಂದು ರೆಸಾರ್ಟು ಹುಡುಕಿದ. ಅವರ ಅಡಿಗೆ ಮಾಡಿ, ಬಟ್ಟೆ ಒಗೆದು ಬದುಕಿದ್ದವನು ಎಲ್ಲಿಗೆ ಹೋದನೆಂದು ಯಾರೂ ಕೇಳಲಿಲ್ಲ.

ಇಲ್ಲಿ ಗೋವೆಯ ಬಂಧುಗಳು ಒಂದು ಮಾತು ಹೇಳುತ್ತಾರೆ. 2024ರಲ್ಲಿ ಆ ಪುಟ್ಟ ನಾಡಿಗೆ ಬಂದ ಪ್ರವಾಸಿಗಳು ಸುಮಾರು 1 ಕೋಟಿ 4 ಲಕ್ಷ. ಅವರಲ್ಲಿ ವಿದೇಶೀಯರು ಐದು ಲಕ್ಷಕ್ಕೂ ಕಡಿಮೆ. ತಮ್ಮ ನೆಲ, ನೀರು, ಭಾಷೆ ಈ ಭಾರಕ್ಕೆ ಕುಸಿಯುತ್ತವೆಂಬ ಅವರ ಅಂಜಿಕೆ ಸುಳ್ಳಲ್ಲ. ಗಡಿಯ ಕಾಗವಾಡದಲ್ಲಿ ಇದ್ದ ನಮಗೆ ಭಾಷೆಯ ನೋವು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅವರ ಗುಡ್ಡ ಕಡಿದು ಬಂಗಲೆ ಮಾರಿದವನು ಗಾರೆ ಕಲಸುವ ಕನ್ನಡಿಗನಲ್ಲ. ಅವನು ಹೊತ್ತ ಬುಟ್ಟಿ ಅವನದಲ್ಲ, ಕಟ್ಟಿದ ಮನೆಯೂ ಅವನದಲ್ಲ. ಭೂಮಿ ದಲಾಲಿಯನ್ನು ಬಿಟ್ಟು ಕೂಲಿಯವನ ಮೇಲೆ ಸಿಟ್ಟು ತೀರಿಸಿಕೊಳ್ಳುವುದರಿಂದ ಗೋವೆಯ ಒಂದು ಅಂಗುಲ ನೆಲವೂ ಉಳಿಯದು. ದಲಾಲಿಗೆ ಬೇಕಾದದ್ದೂ ಅದೇ: ವಿದೇಶೀಯ ಪ್ರವಾಸಿಯನ್ನು ಬಯ್ಯಲಿ, ಪ್ರವಾಸಿ ವಿದೇಶೀಯನನ್ನು ಬಯ್ಯಲಿ, ಗೋವೆಯವನು ಘಾಟಿಯನ್ನು ಬಯ್ಯಲಿ, ತನ್ನ ಹೆಸರು ಮಾತ್ರ ಯಾರ ಬಾಯಿಗೂ ಬಾರದಿರಲಿ.

ಗೋವೆಯ ಬಂಧುಗಳಿಗೆ ಹಳೆಯ ನೆನಪೊಂದನ್ನು ತೆಗೆದು ತೋರಿಸುತ್ತೇವೆ. 1946ರ ಜೂನ್ 18ರಂದು ಮಡಗಾಂವಿಯಲ್ಲಿ ಪೋರ್ತುಗೀಜರ ನಿಷೇಧ ಮುರಿದು ಸಭೆಗೆ ನಿಂತ ರಾಮಮನೋಹರ ಲೋಹಿಯಾ ಗೋವೆಯವರಲ್ಲ. 1955ರಲ್ಲಿ ಗಡಿ ದಾಟಿ ಸೆರೆಮನೆ ಸೇರಿದ ಮಧು ಲಿಮಯೆ, ಎನ್. ಜಿ. ಗೋರೆ ಗೋವೆಯವರಲ್ಲ. ಆ ಆಗಸ್ಟ್ 15ರಂದು ಪತ್ರಾದೇವಿಯಲ್ಲಿ ಗುಂಡಿಗೆ ಎದೆ ಕೊಟ್ಟ ಕರ್ನೈಲ್ ಸಿಂಗ್ ಪಂಜಾಬದವರು. ಅಂದು ಬೆಳಗಾವಿ ಸತ್ಯಾಗ್ರಹಿಗಳ ಬೀಡಾಗಿತ್ತು. ನೀನು ಒಳಗಿನವನೋ ಹೊರಗಿನವನೋ ಎಂದು ಅವರನ್ನು ಕೇಳಿದ್ದು ಪೋರ್ತುಗೀಜ ಸರಕಾರ ಮಾತ್ರ. ಲೋಹಿಯಾರನ್ನು ಕೂಡಿಟ್ಟ ಅಗ್ವಾದದ ಸೆರೆಮನೆ 2021ರ ಡಿಸೆಂಬರದಿಂದ ವಸ್ತುಸಂಗ್ರಹಾಲಯವಾಗಿ ಪ್ರವಾಸಿಗಳಿಗೆ ತೆರೆದಿದೆ. ಗೋಡೆ ನೋಡಿ ಬರುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆ ಗೋಡೆಯೊಳಗೆ ಕುಳಿತವರು ಯಾರಿಗಾಗಿ ಕುಳಿತರೆಂಬುದನ್ನೂ ನೋಡಿ ಬರಲಿ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಗೋವೆಯಲ್ಲಿ ದುಡಿಯುವ ಕನ್ನಡಿಗರ ಪಟ್ಟಿಯನ್ನು ಎರಡೂ ಸರಕಾರಗಳು ಕೂಡಿ ಮಾಡಲಿ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯದೆಯನ್ನು 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆಯೊಳಗೆ ಕರಗಿಸಿದರು. ಕಾಯದೆ ಯಾವುದೇ ಇರಲಿ, ಕೂಲಿ ಮುಳುಗಿದಾಗ ಕನ್ನಡದಲ್ಲಿ ದೂರು ಕೊಡಲು ವಾಸ್ಕೋದಲ್ಲಿ, ಮಾಪಸೆಯಲ್ಲಿ ಒಂದು ಬಾಗಿಲು ಇರಲಿ. ದಂಡೆಯ ಮೇಲೆ ಮಾರುವ ಲಂಬಾಣಿ ತಾಯಿಯನ್ನು ಉಪದ್ರವವೆನ್ನದೆ, 2014ರ ಬೀದಿ ವ್ಯಾಪಾರಿಗಳ ಕಾಯದೆಯ ಪ್ರಕಾರ ಜಾಗ, ಚೀಟಿ ಕೊಡಲಿ. ಬೇರೆ ಸೂರು ಕೊಡದೆ ಇದ್ದ ಸೂರು ಕೆಡವುವುದು ನಿಲ್ಲಲಿ.

ನಮ್ಮ ಸರಕಾರಕ್ಕೂ ಒಂದು ಮಾತು. ಕೃಷ್ಣೆಯ ದಂಡೆಗೆ ಕಬ್ಬು ಬೆಳೆಯುವ ಕಾಗವಾಡ ತಾಲೂಕಿನ ಮೂಡಲ ಹಳ್ಳಿಗಳು ಮಳೆಯ ಮುಖ ನೋಡುತ್ತ ಬಂದಿವೆ. ಖಿಳೇಗಾಂವ ಬಸವೇಶ್ವರ ಏತ ನೀರಾವರಿಯಂಥ ಕೆಲಸ ವರುಷ ವರುಷ ತಡವಾದಂತೆಲ್ಲ ಗಂಟುಮೂಟೆ ಕಟ್ಟುವವರ ಸಂಖ್ಯೆ ಹೆಚ್ಚಾಗುತ್ತದೆ. ಹೊಲಕ್ಕೆ ನೀರು ಕೊಡದ ಸರಕಾರ, ಪರನಾಡಿನಲ್ಲಿ ಕನ್ನಡಿಗನಿಗೆ ಅವಮಾನವಾಯಿತೆಂದು ಕಣ್ಣೀರು ಸುರಿಸಿದರೆ ಯಾರು ನಂಬುತ್ತಾರೆ?

ಕಡೆಯ ಮಾತು, ರಜೆಗೆ ಗೋವೆಗೆ ಹೋಗುವ ನಮ್ಮ ಓದುಗರಿಗೆ. ಹೋಗಿ, ಸಮುದ್ರ ನೋಡಿ ಬನ್ನಿ. ಸಮುದ್ರ ಯಾರಪ್ಪನ ಸ್ವತ್ತೂ ಅಲ್ಲ. ವಿದೇಶೀ ಹೆಂಗಸು ಎದುರಾದರೆ ಊರ ಹೆಣ್ಣುಮಗಳಿಗೆ ಕೊಡುವ ಮರ್ಯಾದೆ ಕೊಡಿ. ಮರಳಿನ ಮೇಲೆ ಬುಟ್ಟಿ ಹೊತ್ತವನು ಕಂಡರೆ ಕನ್ನಡದಲ್ಲಿ ಮಾತಾಡಿಸಿ, ಯಾವ ಊರೆಂದು ಕೇಳಿ. ಅವನ ಊರು ನಿಮ್ಮ ಪಕ್ಕದ್ದೇ ಇದ್ದೀತು.